ಕೋಲಾರದವನಿಗೆ ಹಡಗಿನ ಚಿಂತೆ

ಮೊನ್ನೆ ಬಂಗಾರಪೇಟೆಯ ಗುಜರಿ ಅಂಗಡಿಗೆ ಹಳೇ ಸೈಕಲ್ ಹಾಕೋಕೆ ಹೋಗಿದ್ದೆ. ಮೂಲೇಲಿ ಒಬ್ಬ ಹುಡುಗ ತಾಮ್ರಕ್ಕೋಸ್ಕರ ವೈರ್ ಸುಡ್ತಿದ್ದ, ಮೂಗಿಗೊಂದು ಟವೆಲ್ ಕಟ್ಕೊಂಡು. ಹಳೇ ಹಡಗು ಒಡೆಯೋ ಅಲಂಗ್ ನೆನಪಾಗಿ ಮಾತು ತೆಗೆದೆ. "ಹೋಗಪ್ಪ, ನಮ್ಮ ಜಿಲ್ಲೇಲಿ ಒಂದು ಹೊಳೆಗೆ ಗತಿ ಇಲ್ಲ, ನಿಂಗೆ ಹಡಗಿನ ಚಿಂತೆ" ಅಂತ ಅಂಗಡಿಯವರು ನಕ್ಕರು.

ನಗಲಿ. ಆದ್ರೆ ಅಲಂಗ್ ಅಂದ್ರೆ ಇದೇ ಗುಜರಿ ಅಂಗಡಿ, ಗುಜರಾತಿನ ಭಾವನಗರ ಜಿಲ್ಲೆಯ ಕಡಲತಡಿ ಉದ್ದಕ್ಕೂ. 1983ರಿಂದ ನಡೀತಿದೆ. ಉಬ್ಬರದ ಹೊತ್ತಿಗೆ ಹಡಗನ್ನ ದಡಕ್ಕೆ ನುಗ್ಗಿಸೋದು, ನೀರು ಇಳಿದ ಮೇಲೆ ಗ್ಯಾಸ್ ಕಟರ್ ಹಿಡಿದು ಕತ್ತರಿಸೋದು. ಕೆಲಸಕ್ಕೆ ಒಡಿಶಾ, ಬಿಹಾರ, ಉತ್ತರ ಪ್ರದೇಶದ ಹುಡುಗರು. ಹಳೇ ಹಡಗುಗಳ ಬಾಯ್ಲರಿಗೆ, ಪೈಪಿಗೆ ಸುತ್ತಿರೋದು ಕಲ್ನಾರು, ಅದೇ ಆಸ್ಬೆಸ್ಟಾಸ್. ಕಿತ್ತರೆ ಕಣ್ಣಿಗೆ ಕಾಣದ ಎಳೆ ಗಾಳೀಲಿ ತೇಲುತ್ತೆ, ಶ್ವಾಸಕೋಶದಲ್ಲಿ ಕೂತ್ಕೊಳ್ಳುತ್ತೆ. ಕ್ಯಾನ್ಸರ್ ಕಾಣಿಸೋಕೆ ಇಪ್ಪತ್ತು ಮೂವತ್ತು ವರ್ಷ ಬೇಕು. ಅಷ್ಟೊತ್ತಿಗೆ ಹುಡುಗ ಊರು ಸೇರಿರ್ತಾನೆ. ಯಾವ ಹಡಗಿನದು ಅಂತ ಯಾರನ್ನ ಕೇಳ್ತಾನೆ?

ಕ್ಲೆಮಾನ್ಸೋ ನೆನಪಿದ್ಯಾ? ಫ್ರಾನ್ಸಿನ ಯುದ್ಧವಿಮಾನ ಹೊರೋ ಹಡಗು. 2005ರ ಡಿಸೆಂಬರ್ 31ಕ್ಕೆ ಟೂಲೋನ್ ಬಂದರಿಂದ ಅಲಂಗ್ ಕಡೆ ಹೊರಟಿತ್ತು. ಉಳಿದಿರೋ ಕಲ್ನಾರು 45 ಟನ್ ಅಂತ ಅವರ ಸರ್ಕಾರ. 500 ಟನ್‌ಗೂ ಹೆಚ್ಚು ಅಂತ, ತೆಗೆಯೋ ಕೆಲಸ ಮಾಡಿದ್ದ ಕಂಪನಿನೇ! ಪರಿಸರ ಹೋರಾಟದ ಸಂಘಟನೆ ಗ್ರೀನ್‌ಪೀಸ್‌ನ ಇಬ್ಬರು ಈಜಿಪ್ಟ್ ಹತ್ತಿರ ಸಮುದ್ರದಲ್ಲೇ ಹಡಗು ಹತ್ತಿದ್ರು. ಇಲ್ಲಿ ನಮ್ಮ ಸುಪ್ರೀಂ ಕೋರ್ಟು ತಡೆ ಹಾಕ್ತು. ಫೆಬ್ರವರಿ 15ಕ್ಕೆ ಫ್ರಾನ್ಸ್ ಅಧ್ಯಕ್ಷ ಶಿರಾಕ್ ವಾಪಸ್ ಕರೆಸ್ಕೊಂಡ್ರು. ಕೊನೆಗೆ ಒಡೆದದ್ದು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ. ಅಂದ್ರೆ ಅಲ್ಲೂ ಒಡೆಯಬಹುದಿತ್ತು, ಖರ್ಚು ಜಾಸ್ತಿ ಅಷ್ಟೇ.

"ಹೋರಾಟಗಾರರು ಬಡವರ ಅನ್ನ ಕಿತ್ಕೊಳ್ತಾರೆ" ಅನ್ನೋರಿದ್ದಾರೆ. ಆ ಮಾತನ್ನ ನಾನು ತಳ್ಳಿಹಾಕಲ್ಲ. ಕೂಲಿಯವನ ಮನೆಗೆ ನಾಳೆ ಅಕ್ಕಿ ಎಲ್ಲಿಂದ ಅಂತ ಬ್ಯಾನರ್ ಹಿಡಿಯೋರು ಹೇಳೋದು ಕಮ್ಮಿನೇ. ಆದ್ರೆ ಹಡಗು ಒಡೀಬೇಡಿ ಅಂತ ಯಾರಪ್ಪ ಅಂದದ್ದು? ವಿಷ ತೆಗೆದು ಕಳಿಸಿ, ತೆಗೆಯೋ ಖರ್ಚು ಹಡಗಿನವನೇ ಕೊಡಲಿ ಅನ್ನೋದು ಜಗಳ. ಕೆಜಿಎಫ್ ಕಡೆ ಹೋಗಿ ನೋಡಿ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಚಿನ್ನ ಎಲ್ಲೆಲ್ಲೋ ಹೋಯ್ತು, ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ಗುಡ್ಡ ಮಾತ್ರ ಅಲ್ಲೇ ಇದೆ. ಗಾಳಿ ಎದ್ದರೆ ಆ ಧೂಳು ಯಾರ ಮನೆ ಪಾತ್ರೆ ಮೇಲೆ ಕೂರುತ್ತೆ ಅಂತ ಅಲ್ಲಿನ ಹೆಂಗಸರನ್ನ ಕೇಳಿ.

ಹೋದ ಭಾನುವಾರ ನಮ್ಮ ಕೊಟ್ಟಿಗೆಯ ಹಳೇ ಸಿಮೆಂಟ್ ಶೀಟು ಇಳಿಸಬೇಕಿತ್ತು. ಅದರಲ್ಲೂ ಇದೇ ಕಲ್ನಾರು. ಕೂಲಿಗೆ ಬಂದಾತ ಸುತ್ತಿಗೆ ಎತ್ತಿದ. ಬೇಡ ಮಾರಾಯ, ನೀರು ಚಿಮುಕಿಸು, ಬೋಲ್ಟ್ ಬಿಚ್ಚಿ ಇಡೀ ಶೀಟೇ ಇಳಿಸು ಅಂದೆ. "ಹಂಗಾದ್ರೆ ಇನ್ನರ್ಧ ದಿನದ ಕೂಲಿ ಆಗುತ್ತಣ್ಣ" ಅಂದ. ಇಷ್ಟೆಲ್ಲ ಬರೀತಿರೋ ನಾನೇ ಹತ್ತು ನಿಮಿಷ ಚೌಕಾಸಿ ಮಾಡಿ, ಆಮೇಲೆ ಕೊಟ್ಟೆ.