ಹತ್ತು ಪರ್ಸೆಂಟ್ ಬೂದಿ

ಏಪ್ರಿಲ್, ಮೇ ಬಂತೆಂದರೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ಒಂದು ಮಹಾ ಸಂಶೋಧನೆ ನಡೆಯುತ್ತದೆ. ಸಿಮೆಂಟ್ ಸ್ವಲ್ಪ ಕಡಿಮೆ ಮಾಡಿ, ಆ ಜಾಗಕ್ಕೆ ಭತ್ತದ ಹೊಟ್ಟಿನ ಬೂದಿ ಹಾಕಿದರೆ ಏನಾಗುತ್ತದೆ? ಹೋದ ವರ್ಷವೂ ಇದೇ ನಡೆದಿತ್ತು. ಅದರ ಹಿಂದಿನ ವರ್ಷವೂ ಇದೇ. ಪಕ್ಕದ ಕಾಲೇಜಿನಲ್ಲೂ ಇದೇ. ಬೈಂಡಿಂಗ್ ಅಂಗಡಿಯ ಹುಡುಗನಿಗೆ ಟೈಟಲ್ ಬಾಯಿಪಾಠ. ಬ್ಯಾಚಿನವರ ಹೆಸರಷ್ಟೇ ಕೇಳಿ ಟೈಪ್ ಮಾಡುತ್ತಾನೆ.

ಬೂದಿಯನ್ನು 5, 10, 15, 20 ಪರ್ಸೆಂಟ್ ಹಾಕಿ, 150 ಮಿಲಿಮೀಟರಿನ ಕಾಂಕ್ರೀಟ್ ಕ್ಯೂಬ್ ಹೊಯ್ದು, 28 ದಿನ ತೊಟ್ಟಿಯ ನೀರಲ್ಲಿ ಮುಳುಗಿಸಿಟ್ಟು, ಆಮೇಲೆ ಮಷೀನಿಗಿಟ್ಟು ಒಡೆಯುತ್ತಾರೆ. 10 ಪರ್ಸೆಂಟ್ ಆಸುಪಾಸಿನಲ್ಲಿ ಗಟ್ಟಿಯಾಗಿದೆ, ಜಾಸ್ತಿ ಹಾಕಿದರೆ ಇಳಿಯುತ್ತದೆ ಎಂದು ಬರೆಯುತ್ತಾರೆ. ವೈವಾಗೆ ಬಂದ ಎಕ್ಸ್‌ಟರ್ನಲ್ "ಇದರ ಉಪಯೋಗ ಏನಪ್ಪಾ?" ಅನ್ನುತ್ತಾರೆ. "ಪರಿಸರಸ್ನೇಹಿ, ಸರ್." ತಟ್ಟೆಯ ಗೋಡಂಬಿ ಮುಗಿಯುವ ಹೊತ್ತಿಗೆ ಮಾರ್ಕ್ಸ್ ಕೂಡ ಬಿದ್ದಿರುತ್ತದೆ.

ಒಡೆಯದೆ ಉಳಿದ ಕ್ಯೂಬ್‌ಗಳೂ ಇರುತ್ತವೆ. ಒಂದೊಂದೂ ಸುಮಾರು ಎಂಟು ಕೆಜಿ, ಮೈಮೇಲೆ ಕೆಂಪು ಪೇಂಟಿನಲ್ಲಿ "10%" ಎಂಬ ಗುರುತು. ಒಂದು ಕ್ಯೂಬ್ ಲ್ಯಾಬ್ ಬಾಗಿಲು ಗಾಳಿಗೆ ಬಡಿಯದಂತೆ ಕಾಯುತ್ತಿದೆ. ಎರಡು ಕ್ಯಾಂಟೀನ್ ಬೆಂಚಿನ ಮುರಿದ ಕಾಲಿನ ಜಾಗದಲ್ಲಿವೆ. ಇನ್ನು ನಾಲ್ಕು "ಹಸಿರು ಕ್ಯಾಂಪಸ್" ಫ್ಲೆಕ್ಸ್ ಹಾರಿಹೋಗದಂತೆ ಹಿಡಿದಿವೆ. ಹೊಟ್ಟಿನ ಬೂದಿಯ ಕಾಂಕ್ರೀಟ್ ಬಳಕೆಗೆ ಬಂದಿಲ್ಲ ಅಂತ ಇನ್ನು ಯಾರೂ ಅನ್ನಬಾರದು. ಫ್ಲೆಕ್ಸಿನ ಹಿಂದೆ ಏಳುತ್ತಿರುವ ಕಾಲೇಜಿನ ಹೊಸ ಬ್ಲಾಕಿಗೆ ಮಾತ್ರ ಅಂಗಡಿ ಸಿಮೆಂಟೇ ಬರುತ್ತಿದೆ.

ತಮಾಷೆ ಅಂದರೆ, ವಿಷಯ ನಿಜ. ನೂರು ಕೆಜಿ ಭತ್ತ ಕುಟ್ಟಿದರೆ ಹೆಚ್ಚುಕಡಿಮೆ 20 ಕೆಜಿ ಹೊಟ್ಟು. ಅದನ್ನು ಸುಟ್ಟರೆ 4 ಕೆಜಿ ಬೂದಿ. ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. ಸುಮಾರು 700 ಡಿಗ್ರಿ ಸೆಲ್ಸಿಯಸ್ ಮೀರದ ಹಾಗೆ ಹದವಾಗಿ ಸುಟ್ಟು ನುಣ್ಣಗೆ ಅರೆದರೆ, ಸಿಮೆಂಟ್ ಗಟ್ಟಿಯಾಗುವಾಗ ಹೊರಬರುವ ಸುಣ್ಣದ ಜೊತೆ ಅದು ಬೆರೆತು ತಾನೂ ಗಟ್ಟಿಯಾಗುತ್ತದೆ. ಉರಿ ಜಾಸ್ತಿಯಾದರೆ ಅದೇ ಸಿಲಿಕಾ ಹರಳುಗಟ್ಟಿ ಮರಳಿನ ಹಾಗೆ ಸುಮ್ನೆ ಬಿದ್ದಿರುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿ ಪಾಠ ಹೇಳುತ್ತಿದ್ದ ನಮ್ಮ ದೇಶದವರೇ ಆದ ಪಿ.ಕೆ. ಮೆಹ್ತಾ 1970ರ ದಶಕದಲ್ಲೇ ಇದನ್ನೆಲ್ಲ ಮಾಡಿ ತೋರಿಸಿದ್ದರು. ಈಗ ಪ್ರಾಜೆಕ್ಟ್ ಮಾಡುವ ಹುಡುಗರ ಅಪ್ಪಂದಿರು ಆಗ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದರು. ಅಂದಿನಿಂದ ನಾವು ಕುಟ್ಟಿದ ತೌಡನ್ನೇ ಕುಟ್ಟುತ್ತಿದ್ದೇವೆ.

ಸರ್ಕಾರ ಒಪ್ಪಿಲ್ಲವಾ? ಒಪ್ಪಿ ಕಾಲು ಶತಮಾನವಾಯಿತು. ಕಾಂಕ್ರೀಟ್ ಕೆಲಸದ ಭಗವದ್ಗೀತೆಯಾದ ಐಎಸ್ 456 ಸಂಹಿತೆಯ 2000ನೇ ಇಸವಿಯ ಆವೃತ್ತಿ ತೆಗೆದು ನೋಡಿ. ಭತ್ತದ ಹೊಟ್ಟಿನ ಬೂದಿ ಹಾಕಬಹುದು ಅಂತ ಇದೆ. ಜೊತೆಗೊಂದು ಸಣ್ಣ ಷರತ್ತು: ನಿರ್ಧರಿಸುವ ಅಧಿಕಾರಿಯ ಒಪ್ಪಿಗೆ ಬೇಕು.

ಆ ಅಧಿಕಾರಿ ಯಾರು ಅನ್ನುವುದೇ ಈಗ ಸಂಶೋಧನೆ ಆಗಬೇಕಾದ ವಿಷಯ. ಜೂನಿಯರ್ ಇಂಜಿನಿಯರನ್ನು ಕೇಳಿದರೆ ತಮ್ಮ ಮೇಲಿನ ಎಇಇ ಸಾಹೇಬರ ಕಡೆ ಕೈ ತೋರಿಸುತ್ತಾರೆ. ಎಇಇ ಸಾಹೇಬರು ಅವರಿಗೂ ಮೇಲಿನ ಇಇ ಕಡೆ. ಇಇ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, "ಎಸ್‌ಆರ್‌ನಲ್ಲಿ ಇದಕ್ಕೆ ರೇಟ್ ಇದ್ಯಾ?" ಅನ್ನುತ್ತಾರೆ (ಎಸ್‌ಆರ್ ಅಂದರೆ ಸರ್ಕಾರಿ ದರಪಟ್ಟಿ). ಇಲ್ಲ, ಸರ್. "ಮತ್ತೆ? ನಾಳೆ ಆಡಿಟ್‌ನವರು ಬಂದರೆ ನೀವು ಬರ್ತೀರಾ?" ಬೂದಿ ಹಾಕಿದರೆ ಕಟ್ಟಡ ಬಿದ್ದುಹೋಗುತ್ತೆ ಕಣ್ರೀ ಅಂತ ಇನ್ನೊಂದು ಮಾತೂ ಸೇರಿಸುತ್ತಾರೆ. ಪಾಪ, ಅವರ ಸ್ವಂತ ಮನೆಗೆ ಬಂದ ಪಿಪಿಸಿ ಸಿಮೆಂಟ್ ಮೂಟೆಯಲ್ಲೇ 15ರಿಂದ 35 ಪರ್ಸೆಂಟ್ ಹಾರುಬೂದಿ, ಅಂದರೆ ಶಾಖೋತ್ಪನ್ನ ಸ್ಥಾವರದ ಕಲ್ಲಿದ್ದಲ ಬೂದಿ, ಇರುತ್ತದೆ. ಗೃಹಪ್ರವೇಶ ಮಾಡಿ ಹೋಳಿಗೆ ಊಟ ಹಾಕಿಸಿದ್ದು ಆ ಬೂದಿಯ ಮಧ್ಯೆಯೇ.

ಕಲ್ಲಿದ್ದಲ ಬೂದಿಯ ನಸೀಬು ಅದು. 1999ರಲ್ಲೇ ಕೇಂದ್ರ ಸರ್ಕಾರ ಆದೇಶ ಹೊರಡಿಸಿ, ಶಾಖೋತ್ಪನ್ನ ಸ್ಥಾವರದ 50 ಕಿಲೋಮೀಟರ್ ಸುತ್ತ ಮಣ್ಣಿನ ಇಟ್ಟಿಗೆ ಮಾಡುವವರು ಅದನ್ನು ಸೇರಿಸಲೇಬೇಕು ಅಂದಿತು. ರಾಯಚೂರಿನ ಶಕ್ತಿನಗರದ ಬೂದಿಗೆ ಹೀಗೆ ಕಾನೂನಿನ ಕಾವಲು. ಅದೇ ಜಿಲ್ಲೆಯ ಸಿಂಧನೂರು, ಮಾನ್ವಿಯ ಮಿಲ್ಲುಗಳ ಬೂದಿಗೆ ರಸ್ತೆ ಪಕ್ಕದ ಗುಂಡಿ, ಬೈಕ್ ಸವಾರರ ಕಣ್ಣು.

ಅಧಿಕಾರಿಗಳ ಮಾತಿನಲ್ಲಿ ಅರ್ಧ ನ್ಯಾಯವಿದೆ ಅನ್ನಿ. ಮಿಲ್ಲಿನ ಬಾಯ್ಲರಿಗೆ ಬೇಕಾದ್ದು ಆವಿ. ಅದು ಬೂದಿಯ ಹದ ನೋಡಿ ಉರಿಯುವುದಿಲ್ಲ. ಇವತ್ತಿನ ಬೂದಿ ಕಪ್ಪು, ನಾಳೆಯದು ಬಿಳಿಚು. ಹಾಗಾದರೆ ಬೇಕಾಗಿರುವುದು ಹದವಾಗಿ ಸುಡುವ ಒಲೆ, ಅರೆಯುವ ಯಂತ್ರ, ಲೋಡಿಗೊಂದು ಪರೀಕ್ಷೆ. ಹತ್ತು ಟನ್ ಭತ್ತದ ಲಾರಿಯೊಂದರಿಂದ 400 ಕೆಜಿ ಬೂದಿ ಸಿಗುತ್ತದೆ. 50 ಕೆಜಿ ಮೂಟೆಯಲ್ಲಿ 10 ಪರ್ಸೆಂಟ್ ಲೆಕ್ಕ ಹಿಡಿದರೆ 80 ಮೂಟೆಗೆ ಸಾಕು. ಆದರೆ ಒಲೆ ಕಟ್ಟಿಸಲು ಟೆಂಡರ್ ಕರೆಯಬೇಕು. ವಿಚಾರ ಸಂಕಿರಣಕ್ಕಾದರೆ ಶಾಲು, ಹಾರ ಸಾಕು.

ಅಷ್ಟಕ್ಕೂ ಸಿಮೆಂಟ್ ಕಡಿಮೆ ಹಾಕುವ ವಿದ್ಯೆ ನಮಗೆ ಹೊಸದೇನಲ್ಲ. ಯಾವ ಕ್ಯೂಬನ್ನೂ ಒಡೆಯದೆ ಎಷ್ಟೋ ಗುತ್ತಿಗೆದಾರರು ಚರಂಡಿ, ಮೋರಿಗಳಲ್ಲಿ ಅದನ್ನು ಸಾಧಿಸಿದ್ದಾರೆ. ಪರ್ಸೆಂಟೇಜ್ ಲೆಕ್ಕದಲ್ಲಂತೂ ಅವರಿಗೆ ಪ್ರೊಫೆಸರುಗಳೇ ಶಿಷ್ಯರಾಗಬೇಕು.

ಆ ಹೊಟ್ಟು ಬರುವ ಭತ್ತಕ್ಕೆ ನೀರುಣಿಸುವ ತುಂಗಭದ್ರಾ ಅಣೆಕಟ್ಟನ್ನೇ ನೋಡಿ. 1953ರಲ್ಲಿ ಮುಗಿದ ಆ ಕಲ್ಲಿನ ಕಟ್ಟಡ ನಿಂತಿರುವುದು ಸುರ್ಕಿ ಗಾರೆಯ ಮೇಲೆ. ಸುಟ್ಟ ಮಣ್ಣಿನ ಪುಡಿ ಮತ್ತು ಸುಣ್ಣ. ಅವತ್ತು ನಮ್ಮ ಇಇ ಸಾಹೇಬರು ಇದ್ದಿದ್ದರೆ ಹೊಸಪೇಟೆಯಲ್ಲಿ ಇವತ್ತಿಗೂ ಫೈಲ್ ಮಾತ್ರ ತುಂಬಿ ಹರಿಯುತ್ತಿತ್ತು.

ಒಂದು ವೇಳೆ ಯಾರೋ ಪುಣ್ಯಾತ್ಮರು ಸಹಿ ಹಾಕಿಯೇಬಿಟ್ಟರು ಅಂತಿಟ್ಟುಕೊಳ್ಳಿ. ಲೆಕ್ಚರರ್ ಒಬ್ಬರು ಗಂಗಾವತಿ ಕಡೆಯ ಮಿಲ್ಲಿಗೆ ಹೋಗುತ್ತಾರೆ.

"ಬೂದಿ ಏನ್ರಿ? ಒಯ್ಯಿರಿ ಸರ, ಜಾಗ ಖಾಲಿ ಆಗ್ತೈತಿ. ಎದಕ್ಕ ಬೇಕಾಗಿತ್ತು?"

"ಕಾಂಕ್ರೀಟಿಗೆ. ಸಿಮೆಂಟ್ ಬದಲು ಹಾಕ್ತೀವಿ."

ಸಾಹುಕಾರರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. "ಹಂಗಾದ್ರ ಕುಂದರ್ರಿ ಸರ, ಚಾ ಕುಡೀರಿ. ಉಕ್ಕಿನ ಫ್ಯಾಕ್ಟ್ರಿಯವ್ರೂ ಒಯ್ತಾರ ಅದನ್ನ. ರೇಟ್ ಮಾತಾಡೋಣು."

ಪಕ್ಕದಲ್ಲಿ ತೂಕದ ಚೀಟಿ ಹಿಡಿದು ನಿಂತಿದ್ದ ರೈತ ಮೆಲ್ಲಗೆ ಬಾಯಿ ಹಾಕುತ್ತಾನೆ. ತೇವ ಜಾಸ್ತಿ ಐತಿ ಅಂತ ಆಗಷ್ಟೇ ಅವನ ಕ್ವಿಂಟಾಲಿಗೆ ಎರಡು ಕೆಜಿ ಮುರಿದಿದ್ದಾರೆ. "ಸಾವ್ಕಾರ್ರ, ಹೊಟ್ಟಿನ ರೊಕ್ಕದಾಗ ನಮಗೂ ಏನರ ಬರ್ತೈತೇನ್ರಿ?"

"ಏ ಯಜಮಾನ, ನೀ ಮಾರಿದ್ದು ಭತ್ತ. ಹೊಟ್ಟು ಬಂದದ್ದು ನಮ್ಮ ಮಿಲ್ಲಿನಾಗ."