ಪೋರ್ಟ್‌ಗಳ ಸಂಖ್ಯೆಯೊಂದನ್ನೇ ನೋಡಿದರೆ ಸಾಲದು
ವಿಡಿಯೊ ಸ್ವಿಚರ್ ಕೊಳ್ಳುವಾಗ ಪೋರ್ಟ್‌ಗಳ ಸಂಖ್ಯೆ ಮತ್ತು ಬೆಲೆ ನೋಡಿದರೆ ಸಾಕು ಎಂಬ ಲೇಖನದ ಮಾತನ್ನು ಒಪ್ಪಲಾರೆ. ಲ್ಯಾಪ್‌ಟಾಪ್, ಒಟಿಟಿ ಪೆಟ್ಟಿಗೆಯಂಥ ಹಲವು ಮೂಲಗಳಲ್ಲಿ ಒಂದನ್ನು ಆರಿಸಿ ಒಂದೇ ಪರದೆಗೆ ಕಳಿಸಲು ಸಾಧಾರಣ ಸ್ವಿಚ್ ಸಾಕು, ಒಂದೇ ಚಿತ್ರವನ್ನು ಹಲವು ಪರದೆಗಳಿಗೆ ಹಂಚಲು ಸ್ಪ್ಲಿಟರ್ ಸಾಕು. ಪ್ರತಿ ಪರದೆಗೂ ಬೇರೆ ಬೇರೆ ಮೂಲ ಬೇಕೆಂದಾಗಲೇ ಮ್ಯಾಟ್ರಿಕ್ಸ್ ಸ್ವಿಚರ್‌ನ ಅಗತ್ಯ ಬೀಳುತ್ತದೆ. ನಮ್ಮ ಸಭಾಂಗಣಕ್ಕೆ ತರಿಸಿದ ಮ್ಯಾಟ್ರಿಕ್ಸ್‌ನ ಪೆಟ್ಟಿಗೆಯ ಮೇಲೆ ‘4ಕೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು, ಸೆಕೆಂಡಿಗೆ ಎಷ್ಟು ದತ್ತಾಂಶ ಸಾಗಿಸಬಲ್ಲದು ಎಂಬ ವಿವರ (10.2 ಜಿಬಿಪಿಎಸ್, ಅಂದರೆ 10.2 ಗಿಗಾಬಿಟ್) ಮಾತ್ರ ಕೈಪಿಡಿಯ ಕೊನೆಯ ಪುಟದಲ್ಲಿ ಅಡಗಿತ್ತು. ಪೂರ್ಣ ಬಣ್ಣದ 4ಕೆ ಚಿತ್ರ ಅದರಲ್ಲಿ ಸೆಕೆಂಡಿಗೆ 30 ಫ್ರೇಮ್‌ಗಳಿಗೇ ನಿಲ್ಲುತ್ತದೆ; 60 ಬೇಕಿದ್ದರೆ ಎಚ್‌ಡಿಎಂಐ 2.0 ಮಾನದಂಡದ 18 ಜಿಬಿಪಿಎಸ್ ಇರಬೇಕು. ಅದಕ್ಕಿಂತಲೂ ಕಾಡಿದ್ದು ಇಡಿಐಡಿ, ಅಂದರೆ ತನಗೆ ಯಾವ ರೆಸಲ್ಯೂಷನ್ ಸಾಧ್ಯವೆಂದು ಪರದೆಯು ಮೂಲಕ್ಕೆ ತಿಳಿಸುವ ಮಾಹಿತಿ. ಹಳೆಯ 1080ಪಿ ಪ್ರೊಜೆಕ್ಟರ್ ಮತ್ತು ಹೊಸ 4ಕೆ ಟಿವಿಗೆ ಒಂದೇ ಲ್ಯಾಪ್‌ಟಾಪ್ ಜೋಡಿಸಿದಾಗ, ಪ್ರೊಜೆಕ್ಟರ್‌ನ ಮಿತಿಗೆ ತಕ್ಕಂತೆ ಟಿವಿಯ ಚಿತ್ರವೂ 1080ಪಿಗೆ ಇಳಿಯಿತು. ಪ್ರತಿ ಔಟ್‌ಪುಟ್‌ಗೂ ಸ್ಕೇಲರ್ (ಚಿತ್ರವನ್ನು ಆಯಾ ಪರದೆಯ ರೆಸಲ್ಯೂಷನ್‌ಗೆ ಹೊಂದಿಸುವ ಭಾಗ) ಇರುವ ಉಪಕರಣದಲ್ಲಿ ಈ ತೊಡಕು ಬರುವುದಿಲ್ಲ, ಬೆಲೆ ಮಾತ್ರ ಏರುತ್ತದೆ. ಒಟಿಟಿ ಪೆಟ್ಟಿಗೆಯ 4ಕೆ ಚಿತ್ರಕ್ಕೆ ಎಚ್‌ಡಿಸಿಪಿ 2.2 (ನಕಲು ತಡೆಯುವ ರಕ್ಷಣಾ ವ್ಯವಸ್ಥೆ) ಬೆಂಬಲವನ್ನೂ ಕೊಳ್ಳುವ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ.