ಸ್ಪಷ್ಟನೆ: ಕ್ಲಾಡಾ ಹಳ್ಳಿ ಸಮುದ್ರದ ಪಾಲಾಗಿಲ್ಲ

ಕೆಂಪು ಶಾಲಿನ ಹುಡುಗಿಯೊಬ್ಬಳ ಹಳೆಯ ಬಣ್ಣದ ಛಾಯಾಚಿತ್ರದೊಂದಿಗೆ, ಐರ್ಲೆಂಡಿನ ಕ್ಲಾಡಾ ಎಂಬ ಬೆಸ್ತರ ಹಳ್ಳಿ ಒಂದೇ ರಾತ್ರಿಯಲ್ಲಿ ಕಡಲಿನಲ್ಲಿ ಮುಳುಗಿತೆಂಬ ಸಂದೇಶ ಹರಿದಾಡುತ್ತಿದೆ. ಕಳೆದ ವಾರ ನಾನೂ ಪರಿಶೀಲಿಸದೆ ಅದನ್ನು ಹಂಚಿಕೊಂಡಿದ್ದೆ, ಅದು ತಪ್ಪು.

ಕೊರಿಬ್ ನದಿ ಗಾಲ್ವೇ ಕೊಲ್ಲಿಯನ್ನು ಸೇರುವಲ್ಲಿ, ಗಾಲ್ವೇ ನಗರದ ಹಳೆಯ ಗೋಡೆಯ ಹೊರಗೆ, ಐರಿಷ್ ಭಾಷೆಯನ್ನೇ ಮನೆಮಾತಾಗಿ ಉಳಿಸಿಕೊಂಡಿದ್ದ ಈ ಹಳ್ಳಿಯ ಹುಲ್ಲುಛಾವಣಿಯ ಮನೆಗಳನ್ನು 1930ರ ದಶಕದಲ್ಲಿ ಸ್ಥಳೀಯ ಆಡಳಿತವೇ, ಅವು ಆರೋಗ್ಯಕರವಲ್ಲವೆಂದು ಕೆಡವಿಸಿ, ಅದೇ ಜಾಗದಲ್ಲಿ ಸರ್ಕಾರಿ ವಸತಿಮನೆಗಳನ್ನು ಕಟ್ಟಿಸಿತು. ಆ ಮನೆಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಗಾಲ್ವೇಯ ನಕ್ಷೆ ತೆರೆದರೆ ಕ್ಲಾಡಾ ಅಲ್ಲಿಯೇ ಕಾಣುತ್ತದೆ. ಚಿತ್ರವಂತೂ ಅಸಲಿಯೇ: 1913ರಲ್ಲಿ ಇಬ್ಬರು ಫ್ರೆಂಚ್ ಮಹಿಳೆಯರು ಅಲ್ಲಿ ತೆಗೆದದ್ದು.

ಕ್ಲಾಡಾವನ್ನು 'ರಾಜವಂಶ'ವೊಂದು ಆಳುತ್ತಿತ್ತೆಂಬ ಸಂದೇಶದ ಮಾತಿಗೂ ಆಧಾರವಿಲ್ಲ. 'ಕ್ಲಾಡಾದ ರಾಜ' ಎಂದರೆ ಬೆಸ್ತರು ತಮ್ಮೊಳಗಿನಿಂದಲೇ ಆರಿಸಿಕೊಂಡ ಮುಖಂಡ. ಜಗಳಗಳನ್ನು ಬಗೆಹರಿಸುತ್ತಿದ್ದ ಆತನ ದೋಣಿಗೆ, ದೂರದಿಂದಲೇ ಗುರುತು ಸಿಗುವಂತೆ, ಬಿಳಿ ಹಾಯಿ ಇರುತ್ತಿತ್ತು. (ಎರಡು ಕೈಗಳು ಹೃದಯವೊಂದನ್ನು ಹಿಡಿದಿರುವ ಪ್ರಸಿದ್ಧ ಉಂಗುರಕ್ಕೆ ಹೆಸರು ಬಂದದ್ದು ಈ ಊರಿನಿಂದಲೇ, ಚಿತ್ರವನ್ನು ಬಿಟ್ಟರೆ ಸಂದೇಶದಲ್ಲಿ ಸರಿಯಿರುವುದು ಅದೊಂದೇ.)

ನನ್ನಿಂದ ಆ ಸಂದೇಶ ಪಡೆದವರು ದಯವಿಟ್ಟು ಅದನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಈ ಸ್ಪಷ್ಟನೆಯನ್ನೂ ಅಲ್ಲಿಗೇ ತಲುಪಿಸಿ.